ಜುಟ್ಟುಗುಡ್ಡದ ಮೇಲೆ ಹಾರಿದ್ದೇನು?

ನೆತ್ತಿಯ ಮೇಲೆ ಒಂದು ಹುಲ್ಲುಕಡ್ಡಿಯೂ ಬೆಳೆಯದ ಬೋಳು ಗುಡ್ಡಕ್ಕೆ ಜುಟ್ಟುಗುಡ್ಡವೆಂಬ ಹೆಸರು ಹೇಗೆ ಬಂದಿರಬಹುದು? ಊಹಿಸಿ ನೋಡೋಣ. ಅವಸರವೇನಿಲ್ಲ, ಗುಡ್ಡದಡಿಯ ನೀರಗಟ್ಟಿ ಊರಿನ ಬಸ್ಸು ಎಂದೂ ಹೊತ್ತಿಗೆ ಸರಿಯಾಗಿ ಬಂದದ್ದಿಲ್ಲ, ಯೋಚಿಸಲು ಬೇಕಾದಷ್ಟು ಸಮಯವಿದೆ. ಒಮ್ಮೆ ಶಾಲೆಯ ಮಕ್ಕಳನ್ನು ಕರೆತಂದ ಮೇಷ್ಟರೊಬ್ಬರು, ಹಿಂದೆ ಇಲ್ಲಿ ಕಾಡಿತ್ತು, ದೂರದಿಂದ ಅದು ಜುಟ್ಟಿನಂತೆ ಕಾಣುತ್ತಿತ್ತು ಎಂದು ಪಾಠ ಮಾಡಿ, ಮಕ್ಕಳ ಕೈಯಲ್ಲಿ ಬರೆಸಿಯೂ ಬಿಟ್ಟರು. ಇನ್ನೊಬ್ಬರು, ಇದು ಹರಕೆಯ ಮುಡಿ ಕೊಡುವ ಜಾಗವಿರಬೇಕು ಎಂದರು. ಅವರು ಸತ್ಯದ ಅಂಗಳದವರೆಗೆ ಬಂದು ಹೊಸ್ತಿಲು ದಾಟದೆ ಹಿಂದಿರುಗಿದರು. ಮುಡಿ ಕೊಟ್ಟದ್ದೇನೋ ನಿಜ. ಆದರೆ ಆ ಮುಡಿಯ ಕೆಳಗೆ ಏನಿತ್ತು, ಅದು ಹೇಗೆ ಉಳಿಯಿತು, ಅದು ಉಳಿಯುವುದಕ್ಕೆ ಯಾರು ಯಾರು ಸತ್ತರು ಎಂಬುದು ಊಹೆಗೆ ಸಿಕ್ಕುವ ಮಾತಲ್ಲ.

ಹತ್ತುವುದು ಕಷ್ಟವಲ್ಲ. ಬಂಡೆಯಲ್ಲೇ ಕಡಿದ ಮೆಟ್ಟಿಲುಗಳು ಮಳೆಗೂ ಬರಿಗಾಲಿಗೂ ಸವೆದು ತಟ್ಟೆಗಳಂತಾಗಿವೆ. ಮೇಲೆ ಉರಿಗಣ್ಣ ಭೈರವನ ಗಿಡ್ಡ ಗುಡಿ. ಬಗ್ಗದೆ ಒಳಗೆ ನುಗ್ಗಿದವನ ಹಣೆಗೆ ಬಾಗಿಲ ಚೌಕಟ್ಟೇ ಮೊದಲ ಪ್ರಸಾದ ಕೊಡುತ್ತದೆ. ಗುಡಿಯ ಮುಂದೆ ಬಂಡೆಯಲ್ಲಿ ಒರಳಿನಂಥ ಗುಳಿ, ಗುಳಿಯಲ್ಲಿ ನೆಟ್ಟ ಎತ್ತರದ ಬಿದಿರ ಗಳೆ. ಅದರ ಪಕ್ಕಕ್ಕೆ ಎರಡು ಕಲ್ಲುಗಳು. ಒಂದರಲ್ಲಿ ಕಾಲು ಮಡಿಸಿ ಕುಳಿತ ಗಂಡಸು, ಕತ್ತಿಯೆತ್ತಿ ನಿಂತ ಹೆಂಗಸು, ಇಬ್ಬರ ಮೇಲೂ ಬಿಲ್ಲಿನಂತೆ ಬಾಗಿದ ಗಳೆ. ಹೆಂಗಸಿನ ಎಡಗೈಯಲ್ಲಿ ಬೆರಳುಗಳಿಲ್ಲ. ಶಿಲ್ಪಿಗೆ ಮರೆತುಹೋಯಿತೆಂದು ನಗಬೇಡಿ. ಇನ್ನೊಂದು ಕಲ್ಲಿನಲ್ಲಿ ಬಾಯಿ ತೆರೆದ ಮುದುಕ. ಆ ಬಾಯಿಯ ತುಂಬ ಮೊಸರು. ಹೌದು, ನಿಜವಾದ ಮೊಸರೇ. ದಿನವೂ ಬೆಳಿಗ್ಗೆ ಪೂಜಾರಿ ತುಂಬಿಸುತ್ತಾನೆ, ಮಧ್ಯಾಹ್ನದೊಳಗೆ ಕೋತಿಗಳು ಖಾಲಿ ಮಾಡುತ್ತವೆ.

ಹಿಂದೆ ಒಮ್ಮೆ ಈ ಸೀಮೆಯನ್ನು ಕಾಳಿಂಗನಾಯಕನೆಂಬವನು ಆಳುತ್ತಿದ್ದನು. ಅವನ ಮನೆದೇವರು ಇದೇ ಉರಿಗಣ್ಣ ಭೈರವ. ಗುಡ್ಡದ ಗವಿಯಲ್ಲಿ ಎಂದೋ ಬಾಳಿ ಮಣ್ಣಾದ ಸಿದ್ಧನೊಬ್ಬ ತಾಳೆಗರಿಯಲ್ಲಿ ಬರೆದಿಟ್ಟುಹೋದ 'ಭೈರವನ ಓಲೆ' ನೀರಗಟ್ಟಿಯವರಿಗೆ ವೇದಕ್ಕಿಂತ ಹೆಚ್ಚು. ದನ ಕಾಯುವವರಿಗೂ ಅದು ಬಾಯಿಪಾಠ. ಯುದ್ಧದ ವಿಷಯದಲ್ಲಿ ಓಲೆ ಹೇಳುವುದು ಮೂರೇ ಮಾತು: ಗೆಲುವ ಬೇಡಿದವನು ತಲೆಯ ಕೊಡಲಿ, ಕೈಹಿಡಿದವಳು ಕತ್ತಿಯ ಹಿಡಿಯಲಿ, ಉತ್ತವನು ಬೆಳೆಯ ಉಣ್ಣಲಿ. ಇಷ್ಟನ್ನು ನಂಬಿ ಊರಿನವರು ನಡೆಸಿಕೊಂಡು ಬಂದ ಕಟ್ಟಳೆ ಕೇಳಿದರೆ ಇಂದಿಗೂ ಮೈ ಝುಮ್ಮೆನ್ನುತ್ತದೆ. ತಲೆಮನೆಯೆಂಬ ಒಂದು ಮನೆತನ. ಅವರಿಗೆ ಹೊಳೆದಂಡೆಯ ಕರಿಮಣ್ಣಿನ ಒಂದು ಹೊಲ, ತಲೆಹೊಲ. ಆ ಹೊಲದ ಋಣಕ್ಕೆ, ನಾಯಕನು ದೊಡ್ಡ ಯುದ್ಧಕ್ಕೆ ಹೊರಟಾಗಲೆಲ್ಲ ಆ ಮನೆಯ ಒಬ್ಬ ಗಂಡಸು ಗಳೆಯ ಕೆಳಗೆ ಕೂರಬೇಕು. ಗಳೆಯ ತುದಿಯನ್ನು ಬಗ್ಗಿಸಿ ಅವನ ಜುಟ್ಟಿಗೆ ಬಿಗಿಯುತ್ತಾರೆ. ಅವನ ಹೆಂಡತಿಯೇ ಕತ್ತಿ ಬೀಸಬೇಕು. ಬೇರೆಯವರು ಬೀಸಿದರೆ ಅದು ಕೊಲೆ, ಹೆಂಡತಿ ಬೀಸಿದರೆ ಪೂಜೆ! ಕುತ್ತಿಗೆ ಕಡಿದ ಕ್ಷಣ ಗಳೆ ಸಿಡಿದು ನೆಟ್ಟಗಾಗಿ, ತಲೆ ಆಕಾಶದಲ್ಲಿ ತೂಗಾಡುತ್ತದೆ. ಗುಡ್ಡದ ಬುಡದಲ್ಲಿ ಕಾದು ನಿಂತ ದಂಡು ಅದನ್ನು ಕಂಡೊಡನೆ ಕಹಳೆಯೂದಿ ನುಗ್ಗಬೇಕು. ಒಮ್ಮೆ ನುಗ್ಗಿದ ಮೇಲೆ ಹಿಂದಿರುಗಿ ನೋಡಿದವನು ಭೈರವನಿಗೆ ದ್ರೋಹಿ. ಈ ಕಡೆಯ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಆಗ ತಲೆಮನೆಯ ಯಜಮಾನ ಕೇತ. ಅವನ ಹೆಂಡತಿ ಬಾಚವ್ವೆ. ಮದುವೆಯಾಗಿ ಬಂದ ವರ್ಷವೇ ಅವಳ ಓರಗಿತ್ತಿ ಗಳೆಯ ಕೆಳಗೆ ಕತ್ತಿ ಬೀಸಿದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ಒಂದೇ ಏಟಿಗೆ ಆಗಿರಲಿಲ್ಲ. ಓರಗಿತ್ತಿ ಆಮೇಲೆ ಬದುಕಿದ್ದಷ್ಟು ದಿನವೂ ತರಕಾರಿ ಹೆಚ್ಚಲು ಈಳಿಗೆಮಣೆಯ ಮುಂದೆ ಕೂರಲಿಲ್ಲವಂತೆ, ಎಲ್ಲವನ್ನೂ ಕೈಯಲ್ಲೇ ಮುರಿಯುತ್ತಿದ್ದಳಂತೆ. ಬಾಚವ್ವೆ ದಿನವೂ ಗುಡಿಗೆ ಮೊಸರು ಕೊಡಲು ಹೋಗುವಳು. ಅಲ್ಲಿ ಓಲೆಯನ್ನು ಓದಿ ಅರ್ಥ ಹೇಳುತ್ತಿದ್ದ ಸೋವಿದೇವ ಪಂಡಿತನೆಂಬ ಮುದುಕನಿಗೆ ಆ ಮೊಸರಿನ ಮೇಲೆ ಭೈರವನಿಗಿಂತ ಹೆಚ್ಚು ಭಕ್ತಿ. ಓಲೆಯ ಪ್ರತಿಯೊಂದು ಮಾತಿಗೂ ಒಂದು ಒಳಗಿನ ಅರ್ಥವಿದೆಯೆಂಬುದು ಅವನ ಮತ. ತಲೆಯೆಂದರೆ 'ನಾನು' ಎಂಬ ಸೊಕ್ಕು, ಕೈಹಿಡಿದವಳೆಂದರೆ ಬುದ್ಧಿ, ಬೆಳೆಯೆಂದರೆ ಮಾಡಿದ್ದರ ಫಲ. "ಮೊಸರಿಗೂ ಒಳಗಿನ ಅರ್ಥ ಉಂಟೇನು, ಅಯ್ಯನವರೇ?" ಎಂದು ಅವಳು ಕೆಣಕಿದರೆ, "ಒಳಗೆ ಬೆಣ್ಣೆ ಉಂಟಲ್ಲ ತಾಯಿ, ಅಷ್ಟು ಅರ್ಥ ಸಾಕು" ಎಂದು ಮೀಸೆ ಒರೆಸಿಕೊಳ್ಳುತ್ತಿದ್ದನು. ಗುಡಿಯ ಒಡೆತನವಿದ್ದ ಬೊಪ್ಪಜೀಯನು ಇದನ್ನೆಲ್ಲ ಕೇಳಿಯೂ ಕೇಳದವನಂತೆ ಇರುತ್ತಿದ್ದನು. ಪುರಾಣ ಕೇಳುವ ಮುದುಕಿಯರಿಗೆ ಹೇಳುವ ಅರ್ಥದಿಂದ ಯಾರಿಗೆ ನಷ್ಟ?

ಆ ವರ್ಷ ಹೊಳೆಯಾಚೆಯ ದೊರೆಯ ದಂಡು ಬಂದಿಳಿಯಿತು. ಮೊದಲ ಕಾಳಗದಲ್ಲಿ ನಾಯಕನ ಕುದುರೆಗಳನ್ನು ಮರಳಿನಲ್ಲಿ ಕಾಲು ಹೂತುಹೋಗುವಂತೆ ಮಾಡಿ ಈಟಿಯಿಂದ ತಿವಿದು ಕೊಂದರು. ಎರಡನೆಯದರಲ್ಲಿ ನಾಯಕನ ತಮ್ಮನನ್ನು ಹಿಡಿದು, ಎರಡು ಎತ್ತಿನ ಬಂಡಿಗಳಿಗೆ ಕಟ್ಟಿ ಎರಡು ದಿಕ್ಕಿಗೆ ಹೊಡೆದರು. ಹೊಳೆಯ ನೀರು ಕೆಂಪಾಗಿ, ನೀರಗಟ್ಟಿಯ ಹೆಂಗಸರು ಕೊಡ ತುಂಬಲಾರದೆ ದಂಡೆಯಲ್ಲಿ ಕೂತು ಅತ್ತರು ಎನ್ನುತ್ತಾರೆ. ಬೊಪ್ಪಜೀಯನು ನಾಯಕನಿಗೆ, ತಲೆ ಕೊಡದೆ ಹೊರಟಿರಿ, ಅದಕ್ಕೇ ಹೀಗಾಯಿತು ಎಂದನು. ತಲೆಮನೆಗೆ ವೀಳ್ಯ ಬಂತು. ಕೇತನು ಅದನ್ನು ತೆಗೆದುಕೊಂಡು ಬಾಯಿಗೆ ಹಾಕಿಕೊಂಡನು. ಬಾಚವ್ವೆ ಅವನ ಮುಂದೆ ನಿಂತಳು. "ಉಗುಳಿ ಅದನ್ನ." "ಹೊಲ ಉಂಡಿದ್ದೇವಲ್ಲೇ." "ಹೊಲ ಉಂಡವನು ಜೀಯ! ಕಾಳು ಅವನ ಕಣಜಕ್ಕೆ, ಹೊಟ್ಟು ನಿಮ್ಮ ಎತ್ತಿಗೆ. ಹೊಟ್ಟಿನ ಋಣಕ್ಕೆ ಯಾರಾದರೂ ತಲೆ ಕೊಡುತ್ತಾರೆಯೇ?" ಅವಳು ಹೇಳಿದ್ದು ಸುಳ್ಳಲ್ಲ, ತಲೆಹೊಲದ ಫಸಲಿನ ಬಹುಪಾಲು ಗುಡಿಗೆ ಹೋಗುತ್ತಿತ್ತು. ಆದರೂ ಕೇತ ಎಲೆಯನ್ನು ಅಗಿಯುತ್ತಲೇ ಇದ್ದನು. ಅವನ ಅಪ್ಪ ಕೊಟ್ಟಿದ್ದನು, ಅಣ್ಣ ಕೊಟ್ಟಿದ್ದನು. ಆ ಮನೆಯಲ್ಲಿ ತಲೆನೋವೆಂದು ಮಲಗುವುದೇ ನಾಚಿಕೆಯ ವಿಷಯ.

ಬಾಚವ್ವೆ ನೆಟ್ಟಗೆ ಸೋವಿದೇವನ ಬಳಿಗೆ ಹೋದಳು. ದಿನಾ ನಮಗೆ ಹೇಳುವುದನ್ನು ಒಮ್ಮೆ ನಾಯಕರ ಎದುರಿಗೆ ಹೇಳಿ ಎಂದಳು. ಮುದುಕ ಹಿಂದಕ್ಕೆ ಸರಿದನು. "ತಾಯಿ, ನಾನು ಒಳಗಿನ ಅರ್ಥ ಹೇಳುವವನು. ಹೊರಗೆ ಬಂದು ಹೇಳಿದವನಲ್ಲ." ಅವಳು ಸುಮ್ಮನೆ ಮೊಸರಿನ ಗಡಿಗೆಯನ್ನು ಅವನ ಮುಂದಿಟ್ಟು ಕೂತಳು. ಅವನು ಗಡಿಗೆಯನ್ನು ನೋಡಿದನು, ಅವಳನ್ನು ನೋಡಿದನು. ಅವನ ಮುಂದೆ ಕೂತು ಓಲೆ ಕೇಳಿದವಳೇ ನಾಳೆ ಕತ್ತಿ ಹಿಡಿಯಬೇಕು. ಆ ದಿನ ಅವನು ಮೊಸರು ಮುಟ್ಟಲಿಲ್ಲ. "ಇದು ಇಲ್ಲೇ ಇರಲಿ. ವಾದ ಮುಗಿಸಿ ಬಂದು ಉಣ್ಣುತ್ತೇನೆ" ಎಂದನು.

ಮರುದಿನ ಬೆಳಿಗ್ಗೆ ಗುಡ್ಡದ ಮೇಲೆ ವಾದ ನಡೆಯಿತು. ಕೆಳಗೆ ದಂಡು ಸಜ್ಜಾಗಿ ನಿಂತಿದೆ. ಹೊಳೆಯಾಚೆ ಶತ್ರುಗಳ ಅಡುಗೆಯ ಹೊಗೆ ಏಳುತ್ತಿದೆ. ಗಳೆ ಆಗಲೇ ಬಾಗಿದೆ. ಕೇತ ಅದರ ಕೆಳಗೆ ಕೈಕಟ್ಟಿಸಿಕೊಂಡು ಕುಳಿತಿದ್ದಾನೆ, ಜುಟ್ಟು ಬಿಗಿದಿದೆ. ಅವನ ಪಕ್ಕದಲ್ಲಿ ಕತ್ತಿ ಹಿಡಿದ ಬಾಚವ್ವೆ. ಇಂಥ ಸ್ಥಳದಲ್ಲಿ ಕೂತು ಶಾಸ್ತ್ರಾರ್ಥ ಮಾಡಿದ ಪಂಡಿತನು ಕನ್ನಡ ನಾಡಿನಲ್ಲಿ ಇನ್ನೊಬ್ಬನಿರಲಾರನು. ಬೊಪ್ಪಜೀಯನ ವಾದ ಚಿಕ್ಕದು: ತಲೆಯೆಂದರೆ ತಲೆ. ಸಿದ್ಧನಿಗೆ ಸೊಕ್ಕು ಎನ್ನಬೇಕಾಗಿದ್ದರೆ ಸೊಕ್ಕು ಎಂದೇ ಬರೆಯುತ್ತಿದ್ದನು, ಅವನಿಗೇನು ತಾಳೆಗರಿ ಕಡಿಮೆಯಾಗಿತ್ತೇ? ನಾಯಕನ ಜೊತೆ ಮೇಲೆ ಬಂದಿದ್ದ ಸೇನೆಯವರು ಹೌದೆಂದು ಗುರಾಣಿ ಬಡಿದರು. ಸೋವಿದೇವನು ಓಲೆಯನ್ನು ಎತ್ತಿ ತೋರಿಸಿದನು. "ಹಾಗೇ ಆಗಲಿ ಜೀಯ, ತಲೆಯೆಂದರೆ ತಲೆ. ಹಾಗಾದರೆ ಉತ್ತವನು ಬೆಳೆಯ ಉಣ್ಣಲಿ ಎಂದೂ ಅದೇ ಗರಿಯಲ್ಲಿದೆ. ಉತ್ತವನು ಕೇತ. ಉಂಡವರು ಯಾರು?" ಜೀಯನು ತಡವರಿಸಲಿಲ್ಲ: "ಅದು ಒಳಗಿನ ಮಾತು. ಉಳುವುದೆಂದರೆ ಜಪ. ಉತ್ತವನು ನಾನು." ಗುಡ್ಡದ ಮೇಲೆ ಯಾರೋ ಕಿಸಕ್ಕನೆ ನಕ್ಕರು. ನಗೆ ಒಬ್ಬರಿಂದೊಬ್ಬರಿಗೆ ಹಬ್ಬಿ, ಕೈಕಟ್ಟಿಸಿಕೊಂಡು ಕುಳಿತಿದ್ದ ಕೇತನ ತುಟಿಯವರೆಗೂ ಬಂತಂತೆ.

ಅಲ್ಲಿಗೆ ನಿಲ್ಲಿಸಿದ್ದರೆ ಮುದುಕ ಬದುಕುತ್ತಿದ್ದನೋ ಏನೋ. ಆದರೆ ಎಂದೂ ಹೊರಗೆ ಬಾರದ ಮಾತು ಒಮ್ಮೆ ಹೊರಗೆ ಬಂದರೆ ಒಂದೇ ಬರುವುದಿಲ್ಲ. ಅವನು ನಾಯಕನ ಕಡೆಗೆ ತಿರುಗಿ ಕೈಮುಗಿದನು. "ಒಡೆಯಾ, ಅಕ್ಷರ ಹಿಡಿದೇ ನಡೆಯುವುದಾದರೆ ಮೊದಲ ಮಾತು ಗೆಲುವ ಬೇಡಿದವನು ಎನ್ನುತ್ತದೆ. ಕೇತ ಏನನ್ನೂ ಬೇಡಲಿಲ್ಲ. ಬೇಡಿದವರು ತಾವು. ಒಳಗಿನ ಅರ್ಥ ಒಪ್ಪಿದರೆ ಇಬ್ಬರ ತಲೆಯೂ ಉಳಿಯುತ್ತದೆ. ಒಪ್ಪದಿದ್ದರೆ ಆ ಜಾಗದಲ್ಲಿ ಕೂರಬೇಕಾದವರು..." ಮಾತು ಮುಗಿಯಲಿಲ್ಲ. ತಮ್ಮನನ್ನು ಹಾಗೆ ಕಳೆದುಕೊಂಡ ಮನುಷ್ಯ, ಕಾಳಿಂಗನಾಯಕ. ಕೈಯ ಈಟಿ ಅವನ ಅಪ್ಪಣೆಗೂ ಕಾಯಲಿಲ್ಲವೆಂಬಂತೆ ಹಾರಿತು. ತೆರೆದ ಬಾಯಿಯಲ್ಲಿ ಹೊಕ್ಕು ಕತ್ತಿನ ಹಿಂದೆ ಹೊರಬಂತು. ಸೋವಿದೇವ ಪಂಡಿತನು ಕುಳಿತಂತೆಯೇ ಹಿಂದಕ್ಕೊರಗಿ, ಕಾಲನ್ನು ಎರಡು ಸಲ ಬಂಡೆಗೆ ಬಡಿದು ಸುಮ್ಮನಾದನು. ಈಟಿ ಕಿತ್ತ ಮೇಲೂ ಬಾಯಿ ಮುಚ್ಚಲಿಲ್ಲ. "ವಾದ ಮುಗಿಯಿತು. ತಲೆಯೆಂದರೆ ತಲೆಯೇ" ಎಂದು ನಾಯಕನು ಆ ರಕ್ತದ ಈಟಿಯನ್ನೇ ಹಿಡಿದು, ಮೇಲಿದ್ದ ಸೇನೆಯವರನ್ನೆಲ್ಲ ಕರೆದುಕೊಂಡು, ದಂಡನ್ನು ನಡೆಸಲು ಗುಡ್ಡವಿಳಿದನು.

ಬಾಚವ್ವೆ ಅಳಲಿಲ್ಲ. ಅವಳ ಕರೆಗೆ ಬಂದ ಮುದುಕ ಅವಳ ಕಾಲ ಬಳಿಯೇ ಬಿದ್ದಿದ್ದನು, ರಕ್ತ ಹರಿದು ಅವಳ ಕಾಲುಂಗುರ ತೋಯಿಸಿತ್ತು. ಜೀಯನು ಹೊತ್ತಾಯಿತೆಂದು ಗದರಿದನು. ಗಳೆ ಬಿಗಿತಕ್ಕೆ ಕಿರುಗುಟ್ಟುತ್ತಿತ್ತು. ಕೇತನು ಕಣ್ಣು ಮುಚ್ಚಿ, ಮೆಲ್ಲನೆ, "ಒಂದೇ ಏಟಿಗೆ ಆಗಲಿ, ಬಾಚಿ" ಎಂದನು. ಅವನು ಬೇಡಿದ್ದು ಅಷ್ಟೇ. ಅವಳು ಎರಡೂ ಕೈಯಲ್ಲಿ ಕತ್ತಿ ಹಿಡಿದು, ಹಿಂದಕ್ಕೆ ಸೆಳೆದು, ಇದ್ದ ಬಲವನ್ನೆಲ್ಲ ಕೂಡಿಸಿ ಬೀಸಿದಳು. ಕುತ್ತಿಗೆಗಲ್ಲ. ಜುಟ್ಟಿನ ಬುಡಕ್ಕೆ. ಕತ್ತಿ ಕೂದಲನ್ನು ಕಡಿದು, ನೆತ್ತಿಯ ಅಂಗೈಯಗಲ ತೊಗಲನ್ನೂ ಎತ್ತಿಕೊಂಡು ಹೋಯಿತು. ಗಳೆ ಗುಡುಗಿದಂತೆ ಸಿಡಿದು ನೆಟ್ಟಗಾಯಿತು. ಕಪ್ಪನೆಯದೊಂದು ರಕ್ತ ಚಿಮುಕಿಸುತ್ತ ಆಕಾಶದಲ್ಲಿ ತೂಗಾಡಿತು. ಕೆಳಗಿನಿಂದ ನೋಡಿದವರಿಗೆ ತಲೆಗೂ ಜುಟ್ಟಿಗೂ ಏನು ವ್ಯತ್ಯಾಸ? ತಲೆಮಾರುಗಳಿಂದ ಅವರು ಕಂಡದ್ದು ಗಳೆಯ ತುದಿಯ ಒಂದು ಕರಿಯ ಮುದ್ದೆಯನ್ನೇ ಅಲ್ಲವೇ? ಕಹಳೆ ಕೂಗಿತು. ದಂಡು ಭೈರವಾ ಎಂದು ಬೊಬ್ಬಿಟ್ಟು ಹೊಳೆಗೆ ನುಗ್ಗಿತು. ಇನ್ನು ಹಿಂದಿರುಗಿ ನೋಡುವಂತಿಲ್ಲ.

ಮೇಲೆ ಮಾತ್ರ ಜೀಯನು ಎಲ್ಲವನ್ನೂ ನೋಡಿದ್ದನು. ಕೇತ ನೆತ್ತರಿನಲ್ಲಿ ಮಿಂದು ಪಕ್ಕಕ್ಕೆ ಬಿದ್ದಿದ್ದನು, ಆದರೆ ಉಸಿರಿತ್ತು. "ಕೆಡಿಸಿದೆಯಲ್ಲೇ ಹಾಳುಮುಂಡೇದೇ! ಮತ್ತೆ ಹೊಡೆ, ಸರಿಯಾಗಿ ಹೊಡೆ!" ಎಂದು ಜೀಯನು ಕೂಗಿದನು. ಅವಳು ಗಂಡನ ಮೈಯ ಆಚೆ ಈಚೆ ಕಾಲಿಟ್ಟು ನಿಂತು ಕತ್ತಿಯನ್ನು ಇವನ ಕಡೆಗೆ ತಿರುಗಿಸಿದಳು. ಗುಡಿಯ ಕಾವಲಿನವರಿಬ್ಬರು ಬಂದರು. ಮೊದಲನೆಯವನು ಹೆಂಗಸೆಂದು ಸಸಾರ ಮಾಡಿ ಬರಿಗೈಯಲ್ಲಿ ಕತ್ತಿ ಕಸಿಯಲು ಹೋದನು. ಅವಳು ಹೊಟ್ಟೆಗೆ ತಿವಿದು, ತಿರುವಿ, ಎಳೆದಳು. ಅವನು ತನ್ನ ಕರುಳನ್ನು ಎರಡೂ ಕೈಯಲ್ಲಿ ಹಿಡಿದು ಮೆಟ್ಟಿಲ ಮೇಲೆ ಕೂತುಬಿಟ್ಟನು. ಎರಡನೆಯವನ ಕೊಡಲಿ ಅವಳ ತಲೆಗೆ ಬೀಳಬೇಕಾಗಿದ್ದುದು, ಎತ್ತಿದ ಎಡಗೈಗೆ ಬಿತ್ತು. ಬೆರಳುಗಳು ಅಷ್ಟೂ ಬಂಡೆಯ ಮೇಲೆ ಉದುರಿದವು. ಅವಳು ಕಿರುಚಲಿಲ್ಲವಂತೆ, ಮೇಲೆ ಬಿದ್ದು ಅವನ ಕಿವಿಯನ್ನು ಕಚ್ಚಿ ಹಿಡಿದಳಂತೆ; ಇಬ್ಬರೂ ಉರುಳುತ್ತ ಬಂಡೆಯ ಅಂಚಿಗೆ ಹೋದರು, ಅಂಚಿನಿಂದ ಅವನೊಬ್ಬನೇ ಬಿದ್ದನು. ಆಮೇಲೆ ಜೀಯನು ಗುಡಿಯೊಳಕ್ಕೆ ಹೊಕ್ಕು ಬಾಗಿಲು ಹಾಕಿಕೊಂಡನು. ಅವಳು ಮೊಂಡುಗೈಯನ್ನು ಸೆರಗಿನಲ್ಲಿ ಬಿಗಿದು, ಇನ್ನೊಂದು ಕೈಯಿಂದ ಗಂಡನ ನೆತ್ತಿಯನ್ನು ಒತ್ತಿ ಹಿಡಿದು, ಕತ್ತಿಯನ್ನು ಮಡಿಲಲ್ಲಿಟ್ಟುಕೊಂಡು ಕಾದಳು.

ಕೆಳಗೆ ಹೊಳೆಯ ಮರಳಿನಲ್ಲಿ ನಡೆದದ್ದು ಯುದ್ಧವಲ್ಲ, ಕೊಯ್ಲು. ತಲೆ ಕೊಟ್ಟಾಯಿತು, ಗೆಲುವು ನಮ್ಮದಾಯಿತು ಎಂದು ನಂಬಿದ ಜನಕ್ಕೆ ಸಾವಿನ ಭಯವಿರಲಿಲ್ಲ. ಎದೆಯಲ್ಲಿ ಈಟಿ ನೆಟ್ಟವನು ಆ ಈಟಿಯುದ್ದಕ್ಕೂ ಮುಂದೆ ನಡೆದು, ಹಿಡಿದವನ ಗಂಟಲನ್ನು ಹಿಸುಕಿದನಂತೆ. ಶತ್ರುಗಳು ಒಲೆಯ ಮೇಲಿನ ಗಂಜಿ ಉಕ್ಕುವಷ್ಟರಲ್ಲಿ ಮುರಿದರು. ಓಡಿದವರು ನೀರಿನಲ್ಲಿ, ಓಡದವರು ದಂಡೆಯಲ್ಲಿ ಸತ್ತರು. ತಮ್ಮನನ್ನು ಬಂಡಿಗೆ ಕಟ್ಟಿ ಎಳೆಸಿದ್ದ ದೊರೆಯನ್ನು ನಾಯಕನು ಅವನ ಬಂಡಿಯ ಗಾಲಿಗೇ ಒರಗಿಸಿ ಕಡಿದನು.

ಮಧ್ಯಾಹ್ನ ತಿರುಗುವ ಹೊತ್ತಿಗೆ ಕಾಳಿಂಗನಾಯಕನು ಭೈರವನಿಗೆ ಅಡ್ಡಬೀಳಲು ಗುಡ್ಡ ಹತ್ತಿ ಬಂದನು. ಬಂದವನು ನಿಂತುಬಿಟ್ಟನು. ತಲೆ ಕೊಟ್ಟವನು ಹೆಂಡತಿಯ ತೊಡೆಯ ಮೇಲೆ ಮಲಗಿ ನೀರು ಬೇಡುತ್ತಿದ್ದನು! ನಾಯಕನು ತಲೆಯೆತ್ತಿ ಗಳೆಯ ತುದಿಯನ್ನು ನೋಡಿದನು. ರಕ್ತ ಒಣಗಿದ ಜುಟ್ಟು ಗಾಳಿಗೆ ಆಡುತ್ತಿತ್ತು. ಜೀಯನು ಬಾಗಿಲು ತೆರೆದು ಓಡಿಬಂದು, ಮೋಸ, ಮೋಸ, ಈಗಲಾದರೂ ಕಡಿಸಿ ಎಂದು ಬಡಬಡಿಸಿದನು. ಬಾಚವ್ವೆ ಏಳಲಿಲ್ಲ, ಕತ್ತಿಯನ್ನೂ ಎತ್ತಲಿಲ್ಲ. ಎತ್ತುವ ಶಕ್ತಿ ಅವಳಲ್ಲಿ ಉಳಿದಿರಲಿಲ್ಲ. "ಕಡಿಯಿರಿ ಒಡೆಯಾ. ಆದರೆ ಮೊದಲು ಜೀಯನನ್ನು ಒಂದು ಮಾತು ಕೇಳಿ. ತಲೆ ಕೊಡದೆ ಗೆಲುವಿಲ್ಲ ಎನ್ನುತ್ತದೆ ಅವನ ಓಲೆ. ನೀವು ಗೆದ್ದಿರಿ. ಹಾಗಾದರೆ ಓಲೆ ಸುಳ್ಳೇ, ಇಲ್ಲವೇ ಮೇಲೆ ಹಾರಿದ್ದು ತಲೆಯೇ? ಅವನ ಬಾಯಲ್ಲೇ ಬರಲಿ."

ನಾಯಕನು ಜೀಯನ ಕಡೆಗೆ ತಿರುಗಿದನು. ಹಿಂದೆ ಮೆಟ್ಟಿಲುಗಳುದ್ದಕ್ಕೂ ರಕ್ತ ಮೆತ್ತಿದ ಸೈನಿಕರು ಕಿವಿಗೊಟ್ಟು ನಿಂತಿದ್ದರು. ಭೈರವನನ್ನು ನಂಬಿ ಹೊಳೆಯಲ್ಲಿ ಅಣ್ಣತಮ್ಮಂದಿರನ್ನು ಬಿಟ್ಟುಬಂದವರು. ಅವರೆದುರಿಗೆ ಓಲೆ ಸುಳ್ಳು ಎಂದವನು ಕೆಳಗೆ ಇಳಿಯುವುದು ಹೇಗೆ? ಬೊಪ್ಪಜೀಯನು ಗಳೆಯನ್ನು ನೋಡಿದನು, ಗುಂಪನ್ನು ನೋಡಿದನು, ತುಟಿ ನೆಕ್ಕಿದನು. ಕಡೆಗೆ, ಗಂಟಲಿನಿಂದ ಮುಳ್ಳು ಕಿತ್ತವನಂತೆ, "ತಲೆಯೇ" ಎಂದನು. "ಜೋರಾಗಿ" ಎಂದನು ನಾಯಕ. "ಹಾರಿದ್ದು ತಲೆಯೇ, ಪ್ರಭು. ಜುಟ್ಟು ಕೊಟ್ಟವನು ಸೊಕ್ಕು ಕೊಟ್ಟಂತೆ, ಸೊಕ್ಕು ಕೊಟ್ಟವನು ತಲೆ ಕೊಟ್ಟಂತೆ... ಅದು ಒಳಗಿನ ಅರ್ಥ." "ಬೆಳಿಗ್ಗೆ ಆ ಮುದುಕನೂ ಇದನ್ನೇ ಹೇಳಿದ" ಎಂದು ನಾಯಕನು ಮೆಲ್ಲನೆ ಅಂದು, ಈಟಿಯನ್ನು ಅಲ್ಲೇ ಬಿಟ್ಟು, ಸೋವಿದೇವನ ಹೆಣದ ಬಳಿ ಮೊಣಕಾಲೂರಿದನು. ಬಾಯಿಯನ್ನು ಮುಚ್ಚಲು ನೋಡಿದನು. ಹೆಣ ಸೆಟೆದಿತ್ತು, ದವಡೆ ಕೂಡಲಿಲ್ಲ. ಮತ್ತೆ ಮತ್ತೆ ಒತ್ತಿ ನೋಡಿದನೆನ್ನುತ್ತಾರೆ. ಕಡೆಗೆ ಸೊಂಟದ ಬಾಕು ತೆಗೆದು ತನ್ನ ಜುಟ್ಟನ್ನು ತಾನೇ ಕೊಯ್ದು ಆ ಮುದುಕನ ಕಾಲ ಬಳಿ ಇಟ್ಟನು. ಬೇಡಿದವನು ಕೊಟ್ಟಂತಾಯಿತು. ಏಳುವಾಗ ಬಾಚವ್ವೆ, "ಮೂರನೆಯ ಮಾತು ಉಳಿಯಿತು" ಎಂದಳು. ನಾಯಕನಿಗೆ ಅರ್ಥವಾಯಿತು. ಮೊದಲ ಮಾತು ಒಳಗೆ ಹೋದ ಮೇಲೆ ಮೂರನೆಯದು ಹೊರಗೆ ಬರಲಿ, ಉತ್ತವನೇ ಉಣ್ಣಲಿ ಎಂದು ಅಪ್ಪಣೆಯಾಯಿತು. ಜೀಯನಿಗೂ ಅವನ ಸಂತಾನಕ್ಕೂ ಬೇರೊಂದು ಅಪ್ಪಣೆ. ವಾದ ಮುಗಿಸಿ ಬಂದು ಉಣ್ಣುತ್ತೇನೆಂದು ಹೇಳಿಹೋದವನ ಗಡಿಗೆ ಗುಡಿಯೊಳಗೆ ಇನ್ನೂ ಮುಚ್ಚಿಯೇ ಇತ್ತು. ಅದನ್ನು ತಂದು ಅವನ ಬಾಯಿಗೆ ಇಡಬೇಕು, ಅವನ ಕಲ್ಲು ನಿಂತ ಮೇಲೆ ಅದರ ಬಾಯಿಗೆ ದಿನವೂ ಇಡುತ್ತಿರಬೇಕು.

ಅಂದಿನಿಂದ ಆ ಗಳೆಯ ಕೆಳಗೆ ಯಾರೂ ಕೂತಿಲ್ಲ. ಇಂದಿಗೂ ವರ್ಷಕ್ಕೊಮ್ಮೆ ಗಳೆಯನ್ನು ಬಗ್ಗಿಸಿ, ತುದಿಗೆ ತೆಂಗಿನಕಾಯಿಯ ಜುಟ್ಟನ್ನು ಬಿಗಿಯುತ್ತಾರೆ. ತಲೆಮನೆಯ ಸೊಸೆಯೊಬ್ಬಳು ಎಡಗೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದು, ಬಲಗೈಯೊಂದರಿಂದಲೇ ಕತ್ತಿ ಬೀಸಿ ಜುಟ್ಟನ್ನು ಕಡಿಯುತ್ತಾಳೆ. ಕಾಯಿ ಬಂಡೆಯ ಮೇಲೆ ಉಳಿಯುತ್ತದೆ, ಜುಟ್ಟು ಆಕಾಶಕ್ಕೆ ಹಾರುತ್ತದೆ, ಜನ ಭೈರವಾ ಎಂದು ಕೂಗುತ್ತಾರೆ. ಕಾಯಿಯನ್ನು ಒಡೆಯುವುದಿಲ್ಲ, ಕೇತನ ವಂಶದವರ ಮನೆಗೆ ಇಡಿಯಾಗಿಯೇ ಹೋಗುತ್ತದೆ. ನೋಡಲು ಬಂದವರಲ್ಲಿ ಓದಿದವರು, ಇದರ ತಾತ್ಪರ್ಯವೇನು ಎಂದು ಅಲ್ಲೇ ನಿಂತು ಜಗಳಕ್ಕೆ ಬೀಳುವುದೂ ಉಂಟು. ಮೊಸರು ಇಡುವ ಪೂಜಾರಿ, ಬೊಪ್ಪಜೀಯನ ಪೈಕಿಯವನೇ, ಬಾಯಿಬಿಡದೆ ತನ್ನ ಕೆಲಸ ಮಾಡಿಕೊಂಡು ಹೋಗುತ್ತಾನೆ. ಹೊರಡುವ ಮೊದಲು ಬಾಯಿ ತೆರೆದ ಮುದುಕನ ಕಲ್ಲಿನ ಬುಡದ ಮಣ್ಣನ್ನು ಕೈಯಿಂದ ಸರಿಸಿ ನೋಡಿ. ನಾಯಕನು ಕೊರೆಸಿದ ಸಾಲೊಂದಿದೆ. ಹೊಗಳಿಕೆಯಿಲ್ಲ, ಶಾಪವಿಲ್ಲ. ಈ ಗುಡ್ಡದ ಮೇಲಿನ ಮಾತುಗಳಲ್ಲಿ ಈವರೆಗೆ ಯಾರೂ ಒಳಗಿನ ಅರ್ಥ ಹುಡುಕದೆ, ಇದ್ದಂತೆಯೇ ಓದಿಕೊಂಡು ಬಂದದ್ದು ಅದೊಂದನ್ನೇ: ಶಾಲಿವಾಹನ ಶಕ ಸಾವಿರದ ನಾನೂರ ಎಂಬತ್ತೈದನೆಯ ರುಧಿರೋದ್ಗಾರಿ ಸಂವತ್ಸರದ ಮಾಘ ಬಹುಳ ಅಮಾವಾಸ್ಯೆ, ಶನಿವಾರ.